ಕಾದ ಚಕ್ರಕ್ಕೆ ತಣ್ಣೀರು

ಆ ಸರ್ವೀಸ್ ಸೆಂಟರಿನಲ್ಲಿ ಕಾರು ತೊಳೆಯುವವರು ಮೂವರು. ಇಬ್ಬರು ಗಂಡಸರು ಚಾವಣಿಯಿಂದ ಶುರುಮಾಡಿ ಕೆಳಕ್ಕಿಳಿಯುತ್ತಿದ್ದರು. ಪಿಸು ಮಾತ್ರ ಚಕ್ರದಿಂದ ಶುರುಮಾಡಿ ಮೇಲಕ್ಕೆ ಹೋಗುತ್ತಿದ್ದಳು. ಚಕ್ರದ ಕೊಳೆ ಆಮೇಲೆ ಬಾಗಿಲಿಗೆಲ್ಲ ಸಿಡಿಯುತ್ತದೆ, ಆದ್ದರಿಂದ ಮೊದಲು ಅದನ್ನು ವಿಚಾರಿಸಿಕೊಳ್ಳಬೇಕು ಎನ್ನುವುದು ಅವಳ ವಾದ. ವಾದ ಎಂದರೆ ಯಾರ ಜೊತೆಗೂ ವಾದಿಸಿದವಳಲ್ಲ, ಮನಸ್ಸಿನಲ್ಲೇ ತೀರ್ಮಾನಿಸಿಕೊಂಡವಳು. ಬಾಯಿ ತೆರೆದರೂ ಮಾತು ಎದುರಿಗಿದ್ದವರ ಕಿವಿಯ ತನಕ ಹೋಗುತ್ತಿರಲಿಲ್ಲ. ಅದಕ್ಕೇ ಪಿಸು ಎಂಬ ಹೆಸರು ಬಿದ್ದದ್ದು. ಏಳನೇ ತರಗತಿಯಾದ ಮೇಲೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಈ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

ಅವಳು ತೊಳೆದ ಚಕ್ರದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಮ್ಯಾನೇಜರ್ ಗಿರಾಕಿಗಳನ್ನು ಕಾರಿನ ಹತ್ತಿರ ಕರೆದುಕೊಂಡು ಬಂದು ಮೊದಲು ತೋರಿಸುತ್ತಿದ್ದದ್ದು ಇಂಜಿನ್ನನ್ನಲ್ಲ, ಚಕ್ರವನ್ನು. "ನೋಡಿ ಸರ್, ಶೋರೂಮಿನಲ್ಲೂ ಹೀಗಿರಲಿಲ್ಲ" ಎನ್ನುತ್ತಿದ್ದರು. ಪಿಸು ಆಗ ನೀರಿನ ಪೈಪು ಸುತ್ತುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದಳು. ಹೊಗಳಿಕೆಗೆ ಕಿವಿ ಕೊಡದಷ್ಟು ದೊಡ್ಡವಳೇನಲ್ಲ ಅವಳು.

ಅವಳ ಅಪ್ಪ ಡ್ರೈವರ್. ಮೂವತ್ತೊಂದು ವರ್ಷ ಬಸ್ಸು, ಲಾರಿ, ವ್ಯಾನು ಎಲ್ಲ ಓಡಿಸಿ, ಈಗ ಒಬ್ಬ ನಿವೃತ್ತ ಡಾಕ್ಟರಮ್ಮನ ಕಾರು ಓಡಿಸುತ್ತಿದ್ದ. ಡಾಕ್ಟರಮ್ಮನ ಬೆನ್ನಿಗೆ ಆಪರೇಷನ್ ಆಗಿ ಒಳಗೆ ಆರು ಸ್ಕ್ರೂ ಕೂತಿದ್ದವು. ಗಾಡಿ ಒಮ್ಮೆ ಜಗ್ಗಿದರೆ ಆರೂ ಸ್ಕ್ರೂ ಒಟ್ಟಿಗೆ ಕೂಗಿಕೊಳ್ಳುತ್ತವಂತೆ. ಮೂವರು ಡ್ರೈವರುಗಳನ್ನು ಬದಲಾಯಿಸಿದ ಮೇಲೆ ಅಪ್ಪ ಸಿಕ್ಕಿದ್ದ. ಅಪ್ಪ ಬ್ರೇಕನ್ನು ತುಳಿಯುತ್ತಿರಲಿಲ್ಲ, ನಯವಾಗಿ ಕೇಳಿಕೊಳ್ಳುತ್ತಿದ್ದ. "ನಿಂತಿದ್ದು ಗೊತ್ತಾಗ್ಲೇ ಇಲ್ಲ ಕಣಪ್ಪ" ಎಂದು ಡಾಕ್ಟರಮ್ಮ ಮೊದಲ ದಿನ ಅಂದ ಮಾತನ್ನು ಅವನು ಮನೆಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ, ಅಮ್ಮ ಅರ್ಧದಲ್ಲೇ ಕಸಿದುಕೊಂಡು ತಾನೇ ಮುಗಿಸುತ್ತಿದ್ದಳು.

ಅಂಥ ಕಾರು ನಡುಗತೊಡಗಿತು. ಕೊಂಡು ಹನ್ನೊಂದು ತಿಂಗಳೂ ತುಂಬಿರಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟರೆ ಸ್ಟೀರಿಂಗು ಚಳಿಜ್ವರ ಬಂದವರ ಕೈಯಂತೆ ಗಡಗಡ ಅನ್ನುತ್ತಿತ್ತು. ಮೊದಮೊದಲು ಸಣ್ಣಗೆ ಇದ್ದದ್ದು ತಿಂಗಳು ಕಳೆದಂತೆ ಜೋರಾಯಿತು. ಒಂದು ದಿನ ಡಾಕ್ಟರಮ್ಮ ಹಿಂದಿನ ಸೀಟಿನಲ್ಲಿ "ಅಮ್ಮಾ" ಎಂದು ನರಳಿದರು. ಅಪ್ಪ ಮರುದಿನವೇ ಕಾರನ್ನು ಸರ್ವೀಸ್ ಸೆಂಟರಿಗೆ ತಂದು ನಿಲ್ಲಿಸಿದ.

ಗಿರಾಕಿಗಳು ಕೂರುವ ಕೋಣೆಯ ಗಾಜನ್ನು ಪಿಸು ಹೊರಗಿನಿಂದ ಒರೆಸುತ್ತಿದ್ದಳು. ಬಾಗಿಲು ಅರ್ಧ ತೆರೆದಿದ್ದರಿಂದ ಮಾತೆಲ್ಲ ಕೇಳಿಸುತ್ತಿತ್ತು. ಒಳಗೆ ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. ಮ್ಯಾನೇಜರ್ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದರು.

"ಮುಂದಿನ ಎರಡೂ ಚಕ್ರದ ಬ್ರೇಕ್ ಡಿಸ್ಕ್ ಸೊಟ್ಟಗಾಗಿವೆ. ಪ್ಯಾಡ್ ಹಿಡಿದಾಗ ಒಂದೊಂದು ಸುತ್ತಿಗೂ ತಳ್ಳುತ್ತೆ, ಅದೇ ನಡುಕ."

"ವಾರಂಟಿ ಇದೆಯಲ್ಲ ಸರ್, ಹಾಕ್ಕೊಡಿ."

"ವಾರಂಟಿ ಇರೋದು ಕಂಪನಿ ತಪ್ಪಿಗೆ. ಡಿಸ್ಕು, ಪ್ಯಾಡು, ವೈಪರ್ ರಬ್ಬರು ಇವೆಲ್ಲ ಸವೆಯೋ ಸಾಮಾನು. ಎರಕದಲ್ಲೇ ದೋಷ ಇದ್ರೆ ಕೊಡ್ತಾರೆ. ಇದ್ರಲ್ಲಿ ಅದಿಲ್ಲ. ಕಾದು ನೀಲಿ ಗುರುತು ಬಿದ್ದಿದೆ ನೋಡಿ. ಯಾರೋ ಬ್ರೇಕನ್ನ ಬಲವಾಗಿ, ಮತ್ತೆ ಮತ್ತೆ ತುಳಿದಿದ್ದಾರೆ."

"ಯಾರೋ ಅಂದ್ರೆ? ಆ ಗಾಡಿ ಓಡಿಸೋನು ನಾನೊಬ್ಬನೇ."

ಮ್ಯಾನೇಜರ್ ಕೈಯಲ್ಲಿದ್ದ ಕಾಗದದ ಕಡೆ ಕಣ್ಣು ತಿರುಗಿಸಿದರು. ಅಪ್ಪ ಎದ್ದು ನಿಂತ. ಅವನ ಕಿವಿ ಕೆಂಪಾದದ್ದು ಗಾಜಿನಾಚೆಯಿಂದಲೂ ಕಾಣುತ್ತಿತ್ತು.

"ವರದೀಲಿ ಅದನ್ನೇ ಬರೀತೀರಾ?"

"ಚಾಲನೆಯ ದೋಷ ಅಂತ ಒಂದು ಸಾಲು. ಫಾರಂ ಅದು, ಬರೀಲೇಬೇಕು. ನಾಳಿದ್ದು ಸಾಯಂಕಾಲ ಕಳಿಸ್ತೀವಿ. ನೀವು ಮನಸ್ಸಿಗೆ ಹಚ್ಕೋಬೇಡಿ."

ಮನಸ್ಸಿಗೆ ಹಚ್ಚಿಕೊಳ್ಳದೆ ಇನ್ನೆಲ್ಲಿಗೆ ಹಚ್ಚಿಕೊಳ್ಳುವುದು? ಡಾಕ್ಟರಮ್ಮ ಜೀವಮಾನವೆಲ್ಲ ರಿಪೋರ್ಟು ನೋಡಿ ತೀರ್ಮಾನ ಮಾಡಿದವರು. ರೋಗಿ ಏನೇ ಹೇಳಲಿ, ಅವರಿಗೆ ಕಾಗದ ಬೇಕು. ಡ್ರೈವರ್ ವಿಷಯದಲ್ಲೂ ಅಷ್ಟೇ. "ವರದಿ ಬರ್ಲಿ, ಆಮೇಲೆ ಮಾತಾಡೋಣ" ಎಂದು ಬೆಳಿಗ್ಗೆ ಅಪ್ಪನಿಗೆ ಹೇಳಿ ಕಳಿಸಿದ್ದರು. ಇನ್ನೊಬ್ಬ ಡ್ರೈವರನ್ನು ಹುಡುಕುವುದು ಅವರಿಗೆ ಒಂದು ಫೋನಿನ ಕೆಲಸ. ಅಪ್ಪನಿಗೋ, ಮೂವತ್ತೊಂದು ವರ್ಷ ಕಟ್ಟಿಕೊಂಡ ಹೆಸರಿನ ಮೇಲೆ ಒಂದೇ ಸಾಲಿನಲ್ಲಿ ಗೀಟು ಬೀಳುವುದಿತ್ತು.

ಮಧ್ಯಾಹ್ನ ಪಿಸು ತೊಳೆದ ನಟ್ಟುಗಳ ಡಬ್ಬಿ ಕೊಡಲು ಲೇತ್ ತಾತನ ಮೂಲೆಗೆ ಹೋದಳು. ಲೇತ್ ತಾತ ಎಂದರೆ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಲವತ್ತು ವರ್ಷ ನಿಂತು ಸ್ವಲ್ಪ ಅದರಂತೆಯೇ ಬಾಗಿದ ಮುದುಕ. ಬಲಗಿವಿ ಕೇಳಿಸದು. ಪಿಸು ಮಾತಾಡದವಳಾದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು. ಅವನು ಅಪ್ಪನ ಕಾರಿನ ಡಿಸ್ಕನ್ನು ಯಂತ್ರಕ್ಕೆ ಸಿಕ್ಕಿಸಿ, ಪುಟ್ಟ ಗಡಿಯಾರದಂಥ ಡಯಲನ್ನು ಅದಕ್ಕೆ ಮುಟ್ಟಿಸಿ ನಿಧಾನವಾಗಿ ತಿರುಗಿಸುತ್ತಿದ್ದ. ಮುಳ್ಳು ಒಂದು ಕಡೆ ಸುಮ್ಮನಿದ್ದು, ಇನ್ನೊಂದು ಕಡೆ ಬಂದಾಗ ಹೆದರಿದವರಂತೆ ಹಾರುತ್ತಿತ್ತು.

"ನೋಡಿದ್ಯಾ ಪಿಸು? ಒಂದೇ ಪಕ್ಕಕ್ಕೆ ಎದ್ದಿದೆ. ಬ್ರೇಕ್ ತುಳಿದು ತುಳಿದು ಕಾದ್ರೆ ಸುತ್ತಲೂ ಕಾಯುತ್ತೆ, ಓಡ್ತಾ ಓಡ್ತಾ ಗಾಳಿಗೆ ಸುತ್ತಲೂ ಆರುತ್ತೆ. ಇದು ಹಂಗಲ್ಲ. ಒಲೆಯಿಂದ ಇಳಿಸಿದ ಬಾಣಲೆನ ಸೀದಾ ನಲ್ಲಿ ಕೆಳಗೆ ಹಿಡಿದ್ರೆ ತಳ ಉಬ್ಬುತ್ತಲ್ಲ, ಹಂಗೆ. ನಿಂತ ಗಾಡಿಗೆ, ಕಾದ ಡಿಸ್ಕಿಗೆ, ಒಂದೇ ಕಡೆಯಿಂದ ಯಾರೋ ನೀರು ಹೊಡೆದಿದ್ದಾರೆ. ಅಲ್ಲಿಂದ ಶುರುವಾಗಿದ್ದು ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ದೊಡ್ಡದಾಗಿದೆ."

"ಮ್ಯಾನೇಜರಿಗೆ ಹೇಳಿದ್ರಾ ತಾತ?" ಪಿಸು ಅವನ ಎಡಗಿವಿಯ ಹತ್ತಿರ ಹೋಗಿ ಕೇಳಿದಳು.

"ಹೇಳ್ದೆ. ಯಾರು ಹೊಡೆದ್ರು, ಸಾಕ್ಷಿ ಏನು ಅಂದ್ರು. ನಾನೇನು ಪೊಲೀಸಾ?"

ಪಿಸುವಿನ ಕೈಯಲ್ಲಿ ನಟ್ಟಿನ ಡಬ್ಬಿ ಹಾಗೇ ಉಳಿಯಿತು.

ಅವಳಿಗೆ ನೆನಪಾಯಿತು. ನೆನಪಾಗುವುದೇನು ಬಂತು, ಅವಳು ಯಾವ ಚಕ್ರವನ್ನೂ ಮರೆತವಳಲ್ಲ. ಬೇರೆಯವರು ಮುಖ ನೆನಪಿಟ್ಟುಕೊಳ್ಳುವಂತೆ ಅವಳು ಚಕ್ರ ನೆನಪಿಟ್ಟುಕೊಳ್ಳುತ್ತಿದ್ದಳು. ಐದು ತಿಂಗಳ ಹಿಂದೆ ಇದೇ ಕಾರು ಸರ್ವೀಸಿಗೆ ಬಂದಿತ್ತು. ಬ್ರೇಕು ನೋಡಿದ ಗಾಡಿಯನ್ನು, ರಿಪೇರಿಯಾದವನ್ನು ಓಡಿಸಿ ನೋಡುವ ಟ್ರಯಲ್ ಮಾಮ ಸೆಂಟರಿನ ಹಿಂದಿನ ಇಳಿಜಾರಿಗೆ ಒಯ್ದು, ಎಂಟು ಹತ್ತು ಸಲ ಗಕ್ಕನೆ ಬ್ರೇಕ್ ಹೊಡೆದು ಪರೀಕ್ಷೆ ಮಾಡುವುದು ವಾಡಿಕೆ. ಆಮೇಲೆ ಗಾಡಿ ಶೆಡ್ಡಿನಲ್ಲಿ ಒಂದು ಗಂಟೆ ನಿಂತು, ಸರದಿ ಬಂದಾಗ ತೊಳೆಯಲು ಬರುತ್ತಿತ್ತು. ಶೆಡ್ಡಿನ ಚಾವಣಿ ರಿಪೇರಿಗೆ ಬಿಚ್ಚಿದ ಮೇಲೆ ಮಾತ್ರ ಗಾಡಿಗಳು ಇಳಿಜಾರಿನಿಂದ ಸೀದಾ ಪಿಸುವಿನ ಮುಂದೆ ಬಂದು ನಿಲ್ಲುತ್ತಿದ್ದವು. ಆದರೂ ಎಲ್ಲಕ್ಕೂ ತಕ್ಷಣ ನೀರು ಬೀಳುತ್ತಿರಲಿಲ್ಲ, ಮುಂದೆ ಒಂದೆರಡು ಗಾಡಿ ಇದ್ದೇ ಇರುತ್ತಿದ್ದವು.

ಆ ದಿನ ಅಪ್ಪನ ಗಾಡಿ ಬಂದದ್ದು ಕಂಡು ಅವಳು ಸರದಿ ಮುರಿದಿದ್ದಳು. ಕೈ ಬೀಸಿ, ಎರಡು ಗಾಡಿಗಳನ್ನು ಪಕ್ಕಕ್ಕೆ ಸರಿಸಿ, ಅದನ್ನೇ ಮೊದಲು ಕರೆದಿದ್ದಳು. ಅಪ್ಪನ ಗಾಡಿಯ ಚಕ್ರ ಎಲ್ಲರ ಗಾಡಿಗಿಂತ ಹೊಳೆಯಬೇಕು ಎಂಬ ಆಸೆ. ಪೈಪಿನ ಒತ್ತಡ ಪೂರ್ತಿ ತಿರುಗಿಸಿ ಮುಂದಿನ ಚಕ್ರಕ್ಕೆ ಹಿಡಿದಾಗ ಚುಂಯ್ ಎಂದು ಆವಿ ಎದ್ದದ್ದು, ಸುಟ್ಟ ಕಬ್ಬಿಣದ ವಾಸನೆ ಬಂದದ್ದು, ಕೊಳೆ ಬೇಗ ಬಿಡುತ್ತಿದೆಯಲ್ಲ ಎಂದು ತಾನು ಖುಷಿಪಟ್ಟದ್ದು, ಒಂದೂ ಬಿಡದೆ ಕಣ್ಣಮುಂದೆ ಬಂತು.

ಅಪ್ಪನ ಹೆಸರಿಗೆ ನೀರು ಬಿಟ್ಟವಳು ತಾನೇ!

ಸಂಜೆ ಮನೆಯಲ್ಲಿ ಅಪ್ಪ ತಟ್ಟೆಯ ಮುಂದೆ ಕೂತು ಬಲಗಾಲಿನ ಪಾದವನ್ನು ನೋಡಿಕೊಳ್ಳುತ್ತಿದ್ದ.

"ಏನ್ರೀ, ಕಾಲನ್ನ ಹಾಗೆ ನೋಡ್ತಿದೀರಿ? ಇವತ್ತು ಹೊಸದಾಗಿ ಬಂತಾ?" ಅಮ್ಮ ಕೇಳಿದಳು.

"ವಯಸ್ಸಾಯ್ತೇನೋ ಕಣೇ. ನನಗೇ ಗೊತ್ತಾಗದ ಹಾಗೆ ಭಾರ ಬಿಡ್ತಿದೀನೇನೋ."

"ಸುಮ್ನಿರಿ. ನಿಮ್ಮ ಕಾಲಿಗೆ ಭಾರ ಇದ್ದಿದ್ರೆ ಈ ಮನೇಲಿ ಒಂದು ದಿನನಾದ್ರೂ ಹೆಜ್ಜೆ ಸದ್ದು ಕೇಳ್ತಿತ್ತು. ಬೆಕ್ಕಿನ ಹಾಗೆ ಬಂದು ಅಡುಗೆಮನೇಲಿ ನಿಂತು ನನ್ನ ಜೀವ ಹಾರಿಸ್ತೀರಿ."

ಅಪ್ಪ ನಗಲಿಲ್ಲ. ಬೇರೆಯವರು ಅಂದದ್ದಾದರೆ ಅಪ್ಪ ಜಗಳವಾಡುತ್ತಿದ್ದ. ಈಗ ತನ್ನ ಮೇಲೆ ತಾನೇ ಅನುಮಾನಪಡುತ್ತಿದ್ದ. ಪಿಸು ತಟ್ಟೆ ಪಕ್ಕಕ್ಕೆ ಸರಿಸಿದಳು. ಹೇಳಿಬಿಡಲೇ ಎಂದು ಬಾಯಿ ತೆರೆದಳು. ಹೇಳಿದರೆ ಅಪ್ಪ ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಮಗಳ ಕೆಲಸ ಉಳಿಯಲಿ ಎಂದು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಸುಮ್ಮನಾಗುತ್ತಾನೆ. ಬಾಯಿ ಮುಚ್ಚಿದಳು. ಇದನ್ನು ಹೇಳಬೇಕಾದ ಜಾಗ ಬೇರೆಯೇ ಇತ್ತು.

ಮರುದಿನ ಮ್ಯಾನೇಜರ್ ಬಂದು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪಿಸು ಗಾಜಿನ ಕೋಣೆಯ ಬಾಗಿಲಲ್ಲಿದ್ದಳು. ಎರಡು ವರ್ಷದಲ್ಲಿ ಆ ಹೊಸ್ತಿಲನ್ನು ಅವಳು ದಾಟಿದ್ದು ಒರೆಸುವ ಬಟ್ಟೆಯ ಜೊತೆಗೆ ಮಾತ್ರ.

"ಏನಮ್ಮ, ಸೋಪು ಮುಗೀತಾ?"

"ಅಲ್ಲ ಸರ್. ಡಾಕ್ಟರಮ್ಮನ ಕಾರಿನ ಡಿಸ್ಕ್ ಸೊಟ್ಟ ಮಾಡಿದ್ದು ನಾನು."

"ಏನಂದೆ? ಜೋರಾಗಿ ಹೇಳು."

ಎಲ್ಲರೂ ಅವಳಿಗೆ ದಿನಾ ಹೇಳುವ ಮಾತೇ ಅದು. ಇವತ್ತು ಅವಳು ಜೋರಾಗಿಯೇ ಹೇಳಿದಳು. ಎಷ್ಟು ಜೋರಾಯಿತೆಂದರೆ, ಹೊರಗೆ ಬಾನೆಟ್ ಎತ್ತಿದ್ದ ಇಬ್ಬರು ತಲೆ ಹೊರಗೆ ಹಾಕಿದರು.

ಮ್ಯಾನೇಜರ್ ಕನ್ನಡಕ ತೆಗೆದರು. "ಅಪ್ಪನ್ನ ಉಳಿಸೋಕೆ ಮಗಳು ಕಥೆ ಕಟ್ಟಿದ್ಲು ಅಂತ ನಾಳೆ ಎಲ್ಲರೂ ಅಂತಾರೆ. ನಾನೂ ಅದನ್ನೇ ಅಂದ್ಕೋತಿದೀನಿ."

"ಆವಿ ಎದ್ದ ಗಾಡಿ ಇನ್ನೂ ಮೂರಿವೆ ಸರ್. ಒಂದು ಬಿಳಿ ಗಾಡಿ, ಎಡಗಡೆ ಚಕ್ರದ ಅಂಚಿಗೆ ಕಲ್ಲು ತಾಗಿ ಚೂರು ಎದ್ದಿತ್ತು. ಒಂದು ಕಂದು ಬಣ್ಣದ್ದು, ಒಳಗೆ ಮಗು ಕೂರೋ ಸೀಟಿತ್ತು. ಇನ್ನೊಂದು ಒಬ್ಬ ಮೇಷ್ಟ್ರದ್ದು, ಒಂದು ನಟ್ಟು ಬೇರೆ ಬಣ್ಣದ್ದು. ಮೂರೂ ಶೆಡ್ ಬಿಚ್ಚಿದ ಮೇಲೆ ಬಂದವು. ಮುಂದೆ ಬೇರೆ ಗಾಡಿ ಇರ್ಲಿಲ್ಲ, ಅದಕ್ಕೆ ತಕ್ಷಣ ತೊಳೆದೆ. ಅವು ವಾಪಸ್ ಬಂದಿವೆಯಾ ನೋಡಿ."

ಮ್ಯಾನೇಜರ್ ಕಂಪ್ಯೂಟರಿನ ಕಡೆ ತಿರುಗಿದರು. ಹುಡುಕುತ್ತಾ ಹುಡುಕುತ್ತಾ ಅವರ ಬೆರಳು ನಿಧಾನವಾಯಿತು. ಬಿಳಿ ಗಾಡಿ ಹೋದ ತಿಂಗಳು ಬಂದಿತ್ತು: ಬ್ರೇಕ್ ಹಾಕಿದಾಗ ನಡುಕ. ಮೇಷ್ಟ್ರ ಗಾಡಿಯೂ ಬಂದಿತ್ತು, ಅದೇ ದೂರು. ಎರಡಕ್ಕೂ ಅದೇ ಸಾಲು ಬರೆದಿದ್ದರು: ಚಾಲನೆಯ ದೋಷ. ಕಂದು ಗಾಡಿಗೆ ಅವರೇ ಫೋನ್ ಮಾಡಿದರು. "ಹೌದಲ್ಲಾ, ನಿಮಗೆ ಹೇಗೆ ಗೊತ್ತಾಯ್ತು?" ಎಂದು ಆ ಕಡೆಯವರೇ ಕೇಳಿದರು.

ಅಷ್ಟಕ್ಕೂ ಮ್ಯಾನೇಜರ್ ಒಪ್ಪುವವರಲ್ಲ. ಲೇತ್ ತಾತನನ್ನೂ ಟ್ರಯಲ್ ಮಾಮನನ್ನೂ ಕರೆಸಿದರು. ಸಾಮಾನು ತರುವ ಹಳೆಯ ವ್ಯಾನಿನ ಡಿಸ್ಕನ್ನು ತಾತ ನೇರ ಮಾಡಿ, ಅಳೆದು, ಎಲ್ಲರಿಗೂ ತೋರಿಸಿ ಹಾಕಿದ. ಮುಳ್ಳು ಕದಲಲಿಲ್ಲ. ಟ್ರಯಲ್ ಮಾಮ ಅದನ್ನು ಇಳಿಜಾರಿಗೆ ಒಯ್ದು ಬ್ರೇಕ್ ಹೊಡೆದು ತಂದ. ಸೆಂಟರಿನವರೆಲ್ಲ ಕೆಲಸ ಬಿಟ್ಟು ತೊಳೆಯುವ ಕಟ್ಟೆಯ ಸುತ್ತ ನಿಂತರು.

"ಹೂಂ, ತೊಳಿ. ಆವತ್ತು ಹೇಗೆ ತೊಳೆದ್ಯೋ ಹಾಗೇ," ಎಂದರು ಮ್ಯಾನೇಜರ್.

ಪಿಸು ಪೈಪು ಎತ್ತಿಕೊಂಡಳು. ಇಷ್ಟು ಕಣ್ಣುಗಳು ಒಟ್ಟಿಗೆ ಅವಳ ಮೇಲೆ ಯಾವತ್ತೂ ಬಿದ್ದಿರಲಿಲ್ಲ. ತನ್ನ ತಪ್ಪನ್ನು ತಾನೇ ಇನ್ನೊಮ್ಮೆ, ಅಷ್ಟೇ ಅಚ್ಚುಕಟ್ಟಾಗಿ, ಒಂದಿಷ್ಟೂ ಕಡಿಮೆ ಮಾಡದೆ ಮಾಡಿ ತೋರಿಸಬೇಕಿತ್ತು. ನೀರು ಸ್ವಲ್ಪ ಸಣ್ಣ ಮಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವಳ ಕೆಲಸವೂ ಉಳಿಯುತ್ತಿತ್ತು. ಅವಳು ಒತ್ತಡವನ್ನು ಪೂರ್ತಿ ತಿರುಗಿಸಿದಳು. ಚುಂಯ್ ಎಂದು ಆವಿ ಎದ್ದು ಮುಂದೆ ನಿಂತವರು ಹಿಂದೆ ಸರಿದರು.

ಹೀಗೇ ಮೂರು ಸಲ ಮಾಡಿಸಿದರು. ಆಮೇಲೆ ತಾತ ಡಿಸ್ಕು ಬಿಚ್ಚಿ ಯಂತ್ರಕ್ಕೆ ಹಾಕಿ ತಿರುಗಿಸಿದ. ಮುಳ್ಳು ಸುಮ್ಮನಿತ್ತು, ಸುಮ್ಮನಿತ್ತು, ಆಮೇಲೆ ಹಾರಿತು. ಹೆಚ್ಚಲ್ಲ, ಒಂದೆರಡು ಕೂದಲೆಳೆಯಷ್ಟು.

"ಸಾಕಲ್ವಾ ಸರ್?" ತಾತ ಕೇಳಿದ. "ಇದನ್ನ ಐದು ತಿಂಗಳು ಓಡಿಸಿ ನೋಡಿ, ಸ್ಟೀರಿಂಗ್ ಕೈಗೆ ಸಿಕ್ಕಲ್ಲ."

ಟ್ರಯಲ್ ಮಾಮ ತಲೆ ಕೆರೆದುಕೊಂಡ. "ನಾನು ಕಾಯಿಸ್ಕೊಂಡು ಬರೋದು, ಇವಳು ಆರಿಸೋದು. ಒಳ್ಳೇ ಜೋಡಿ ಕಮ್ಮಾರರಾದ್ವಲ್ಲ ನಾವು! ಅರ್ಧ ಪಾಲು ನಂದೂ ಬರ್ಕೊಳ್ಳಿ ಸರ್."

ಮ್ಯಾನೇಜರ್ ಕೋಣೆಗೆ ಹಿಂತಿರುಗಿ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಕಂಪನಿಯ ವಾರಂಟಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಕಂಪನಿಯ ತಪ್ಪಲ್ಲ, ಓಡಿಸಿದವನ ತಪ್ಪೂ ಅಲ್ಲ. ಆದರೆ ಸರ್ವೀಸ್ ಸೆಂಟರು ತನ್ನ ಕೈಕೆಲಸಕ್ಕೆ ಆರು ತಿಂಗಳ ಖಾತ್ರಿಯನ್ನು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿ ಹಾಕಿತ್ತು. ಆರು ತಿಂಗಳಿಗೆ ಇನ್ನೂ ಮೂರು ವಾರ ಬಾಕಿ ಇತ್ತು. ಹೊಸ ಡಿಸ್ಕು ಹಾಕಿಕೊಡಲೇಬೇಕಿತ್ತು.

"ತಾಂತ್ರಿಕ ಕಾರಣ ಅಂತ ಬರೆದು ಡಿಸ್ಕ್ ಹಾಕ್ಕೊಡ್ತೀನಿ," ಎಂದರು ಕೊನೆಗೆ. "ನಿನ್ನ ಹೆಸರೂ ಬೇಡ, ನಮ್ಮ ಹೆಸರೂ ಬೇಡ. ಎಲ್ಲರಿಗೂ ಒಳ್ಳೇದು."

ಪಿಸು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. "ತಾಂತ್ರಿಕ ಕಾರಣ ಅಂದ್ರೆ ಡಾಕ್ಟರಮ್ಮನಿಗೆ ಏನೂ ಗೊತ್ತಾಗಲ್ಲ ಸರ್. ಡ್ರೈವರ್‌ದೂ ಇರಬಹುದು ಅಂತ ಅನುಮಾನ ಹಾಗೇ ಉಳಿಯುತ್ತೆ. ತೊಳೆಯುವಾಗ ಆದ ತಪ್ಪು ಅಂತಲೇ ಬರೀರಿ. ಓಡಿಸಿದವರ ತಪ್ಪಿಲ್ಲ ಅಂತಲೂ ಬರೀರಿ."

"ನಿನ್ನ ಕೆಲಸ ಹೋಗಬಹುದು, ಗೊತ್ತಿದೆ ತಾನೆ?"

"ಗೊತ್ತಿದೆ."

"ಗೊತ್ತಿದ್ದೂ ಬರೀ ಅಂತೀಯಾ?"

"ಬರೀರಿ ಸರ್."

ಮ್ಯಾನೇಜರ್ ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ಬರೆದರು. ಬರೆದದ್ದನ್ನು ಓದಿ ಹೇಳಿದರು. ಮೂರೂ ಗಾಡಿಯವರಿಗೆ ಫೋನ್ ಮಾಡಿ, ಹಳೆಯ ಸಾಲು ಹೊಡೆದುಹಾಕಿ, ವಾಪಸ್ ಕರೆಸುವುದೆಂದು ತೀರ್ಮಾನವಾಯಿತು. ಇಳಿಜಾರಿನಿಂದ ಬಂದ ಗಾಡಿಗೆ ಪಿಸು ಸೈ ಅನ್ನುವ ತನಕ ಯಾರೂ ನೀರು ಮುಟ್ಟಿಸಕೂಡದೆಂದು ಆಜ್ಞೆಯಾಯಿತು. ಕೆಲಸ ಹೋಗಲಿಲ್ಲ. ಆದರೆ ಸರದಿ ಮುರಿದದ್ದಕ್ಕೆ ಶಿಕ್ಷೆ ಬಿಡಲಾಗದೆಂದು, ಒಂದು ವಾರ ಚಕ್ರದ ಬದಲು ಕಾಲೊರಸಿನ ಮ್ಯಾಟುಗಳನ್ನು ಮಾತ್ರ ಒಗೆಯಬೇಕೆಂದರು. ಪಿಸು ಅವತ್ತೇ ಶುರುಮಾಡಿದಳು.

ಮರುದಿನ ಸಾಯಂಕಾಲ ಅಪ್ಪ ಬಂದಾಗ ಅವಳು ಮೊಣಕೈ ತನಕ ನೊರೆಯಲ್ಲಿದ್ದಳು. ಗಾಜಿನಾಚೆ ಮ್ಯಾನೇಜರ್ ಕಾಗದ ಕೊಟ್ಟದ್ದು, ಅಪ್ಪ ಅದನ್ನು ಕಣ್ಣಿನಿಂದ ದೂರ ಹಿಡಿದು ಓದಿದ್ದು, ಮತ್ತೆ ಓದಿದ್ದು, ತಲೆಯೆತ್ತಿ ಏನೋ ಕೇಳಿದ್ದು, ಮ್ಯಾನೇಜರ್ ಇವಳ ಕಡೆ ಕೈ ತೋರಿಸಿದ್ದು ಎಲ್ಲ ಕಂಡಿತು. ಮಾತು ಒಂದೂ ಕೇಳಿಸಲಿಲ್ಲ. ಅಪ್ಪ ಹೊರಗೆ ಬಂದು ಅವಳ ಮುಂದೆ ನಿಂತ.

"ನೀನೇ ಹೋಗಿ ಹೇಳಿದ್ಯಾ?"

"ಹೂಂ."

"ಎಲ್ಲರ ಮುಂದೆ ಮಾಡಿ ತೋರಿಸಿದ್ಯಂತೆ?"

"ಹೂಂ. ಅಪ್ಪ, ನಿಮ್ಮ ಗಾಡಿ ಚೆನ್ನಾಗಿ ಕಾಣ್ಲಿ ಅಂತ..."

ಅಪ್ಪ ಮುಂದಕ್ಕೆ ಹೇಳಗೊಡಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟು, ಜೇಬಿನ ಮೇಲೆ ಎರಡು ಸಲ ತಟ್ಟಿದ. "ಬೇಗ ಮುಗಿಸು. ಡಾಕ್ಟರಮ್ಮನ ಮನೆಗೆ ನೀನೂ ಬರ್ತೀಯ."

ಡಾಕ್ಟರಮ್ಮ ವರದಿಯನ್ನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ ಓದಿದರು. "ನಾಳೆ ಒಂಬತ್ತಕ್ಕೆ ಬಂದ್ಬಿಡಪ್ಪ" ಎಂದಷ್ಟೇ ಅಪ್ಪನಿಗೆ ಹೇಳಿದರು. ಆಮೇಲೆ ಪಿಸುವಿನ ಕಡೆ ತಿರುಗಿದರು. "ತೊಳೆದೋರು ಯಾರು ಅಂತ ಇದ್ರಲ್ಲಿ ಬರೆದಿಲ್ಲ."

ಪಿಸು ಬಾಯಿ ತೆರೆಯುವ ಮೊದಲೇ ಅಪ್ಪ ಎದೆಯುಬ್ಬಿಸಿ ಹೇಳಿದ. "ನನ್ನ ಮಗಳೇ ಅಮ್ಮಾ. ತಪ್ಪು ಮಾಡಿದ್ದೂ ಇವಳೇ, ಹೋಗಿ ಬರೆಸಿದ್ದೂ ಇವಳೇ!"

ಪದಕ ಗೆದ್ದು ಬಂದವಳನ್ನು ಪರಿಚಯಿಸುವ ಧಾಟಿಯಲ್ಲಿತ್ತು ಅದು. ಡಾಕ್ಟರಮ್ಮ ನಗು ತಡೆದುಕೊಂಡು ವರದಿಯನ್ನು ಫೈಲಿಗೆ ಸೇರಿಸಿದರು.

ಅಲ್ಲಿಗೇ ನಿಂತಿದ್ದರೆ ಸರಿಯಿತ್ತು. ಮನೆಗೆ ಹೋಗುವ ದಾರಿಯಲ್ಲಿ ಬಸ್ ನಿಲ್ದಾಣದ ಹತ್ತಿರ ಡ್ರೈವರುಗಳು ಸೇರುವ ಚಹಾದಂಗಡಿಯ ಮುಂದೆ ಅಪ್ಪನ ಕಾಲು ತಾನಾಗಿ ನಿಂತಿತು. ಎರಡು ದಿನದಿಂದ ಅವನು ಅಲ್ಲಿ ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದ. ಇವತ್ತು ಬೆಂಚಿನ ನಡುಮಧ್ಯೆ ಕೂತು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾಗದ ತೆಗೆದು ಎಲ್ಲರಿಗೂ ಓದಿ ಹೇಳಿದ. ಡಾಕ್ಟರಮ್ಮನಿಗೆ ಕೊಟ್ಟ ಪ್ರತಿ ಅವರ ಫೈಲಿಗೆ ಸೇರಿತ್ತು. ಇದು ತನಗೊಂದು ಇರಲೆಂದು ಕೇಳಿ ಪಡೆದ ಇನ್ನೊಂದು ಪ್ರತಿ.

"ಅಲ್ಲಯ್ಯಾ," ಎಂದ ಒಬ್ಬ ಲಾರಿ ಡ್ರೈವರ್, "ನಿನ್ನ ಮಗಳೇ ನಿನ್ನ ಗಾಡಿ ಹಾಳುಮಾಡಿದ್ಲು ಅಂತ ಇಷ್ಟು ಖುಷಿಯಾಗಿ ಹೇಳ್ತಿದೀಯಲ್ಲ!"

"ಹಾಳು ಅಂದ್ರೆ ಸುಮ್ನೆ ಹಾಳಾ? ನೀನು ಇಪ್ಪತ್ತು ವರ್ಷದಿಂದ ಬ್ರೇಕ್ ಮೇಲೆ ಕುಣೀತಿದೀಯ, ಒಂದು ಡಿಸ್ಕ್ ಬಗ್ಗಿಸೋಕಾಗಿದ್ಯಾ ನಿನ್ನಿಂದ? ಇವಳು ನೋಡು, ಮಾತಾಡಿದ್ರೆ ಪಕ್ಕದೋರಿಗೂ ಕೇಳ್ಸಲ್ಲ. ಬರೀ ನೀರಲ್ಲಿ ಕಬ್ಬಿಣ ಬಗ್ಗಿಸಿದಾಳೆ! ಒಂದಲ್ಲ ಎರಡಲ್ಲ, ನನ್ನ ಗಾಡಿಯ ನಾಲ್ಕೂ ಚಕ್ರದ್ದು!"

ಎಲ್ಲರೂ ಪಿಸುವಿನ ಕಡೆ ನೋಡಿದರು. ಅವಳು ಚಹಾದ ಲೋಟ ಕೆಳಗಿಟ್ಟಳು.

"ನಾಲ್ಕಲ್ಲ ಅಪ್ಪ, ಎರಡೇ," ಎಂದಳು, ಬೆಂಚಿನ ಆ ತುದಿಯವರಿಗೂ ಕೇಳುವಂತೆ. "ಹಿಂದಿನ ಚಕ್ರಕ್ಕೆ ಡಿಸ್ಕೇ ಇಲ್ಲ."